ಕೆಗ್‌ಗೆ ಗ್ರೈಂಡರ್ ಹಿಡಿಯುವ ಮೊದಲು

ಮಾನ್ಯ ಸಂಪಾದಕರೇ,

ಹಳೆಯ ಬಿಯರ್ ಕೆಗ್ ಒಂದನ್ನು, ಅಂದರೆ ಬಿಯರ್ ತುಂಬಿ ಸಾಗಿಸುವ ಲೋಹದ ಪೀಪಾಯಿಯನ್ನು ಕೊಂಡು, ಅದನ್ನು ಮನೆಯಲ್ಲಿ ಬಿಯರ್ ಕುದಿಸುವ ಹಂಡೆಯನ್ನಾಗಿ ಮಾರ್ಪಡಿಸಿಕೊಳ್ಳುವ ಬಗೆಯನ್ನು ವಿವರಿಸಿ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥದೇ ಒಂದು ಹಂಡೆಯಲ್ಲಿ ಹಲವು ವರ್ಷಗಳಿಂದ ಮಾಲ್ಟ್ ರಸವನ್ನು (ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ ತೆಗೆದ ಸಿಹಿ ರಸ) ಕುದಿಸುತ್ತ ಬಂದಿರುವ ನನಗೆ, ಈ ವಿಷಯಕ್ಕೆ ಕನ್ನಡದಲ್ಲಿ ಒಂದು ಪುಟ ಸಿಕ್ಕಿದ್ದು ಸಂತೋಷದ ಸಂಗತಿಯೇ. ಆದರೆ ಲೇಖಕರು ಕೆಗ್ಗನ್ನು ಒಂದು ಖಾಲಿ ಡಬ್ಬವೆಂಬಂತೆ ಕಂಡು, ‘ತಂದು, ರಿಂಗ್ ಬಿಚ್ಚಿ, ತಲೆ ಕತ್ತರಿಸಿ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿರುವುದು ಆತಂಕ ಹುಟ್ಟಿಸಿತು. ಕೆಗ್ ಎಂಬುದು ಮೊದಲನೆಯದಾಗಿ ಇನ್ನೊಬ್ಬರ ಸ್ವತ್ತು, ಎರಡನೆಯದಾಗಿ ಒತ್ತಡವನ್ನು ಹಿಡಿದಿಟ್ಟುಕೊಳ್ಳುವುದಕ್ಕೆಂದೇ ಕಟ್ಟಿದ ಪಾತ್ರೆ. ಈ ಎರಡು ಮಾತುಗಳನ್ನು ಬಿಟ್ಟರೆ ಉಳಿದ ಸಲಹೆಗಳೆಲ್ಲ ಎಷ್ಟು ಸರಿಯಾಗಿದ್ದರೂ ಓದುಗನನ್ನು ತೊಂದರೆಗೆ ದೂಡುತ್ತವೆ.

ಸ್ವತ್ತಿನ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. ಠೇವಣಿ ಕಟ್ಟಿ ಕೆಗ್ ತಂದರೆ ಅದು ತಂದವರದೇ ಆಯಿತೆಂದು ಲೇಖನದಲ್ಲಿ ಸೂಚಿಸಲಾಗಿದೆ. ಇದು ತಪ್ಪು. ಠೇವಣಿ ಎಂಬುದು ಕೆಗ್ಗಿನ ಬೆಲೆಯಲ್ಲ, ಅದನ್ನು ಹಿಂತಿರುಗಿಸುತ್ತೇವೆಂಬ ಮಾತಿಗೆ ಇಟ್ಟ ಒತ್ತೆ. ಹೊಸ ಸ್ಟೇನ್‌ಲೆಸ್ ಸ್ಟೀಲ್ ಕೆಗ್ಗಿನ ಬೆಲೆಗೆ ಹೋಲಿಸಿದರೆ ಸಾಮಾನ್ಯವಾಗಿ ಅದು ಬಹಳ ಚಿಕ್ಕ ಮೊತ್ತ. ಹಿಂತಿರುಗದ ಪ್ರತಿ ಕೆಗ್ಗಿನಿಂದಲೂ ಬಿಯರ್ ತಯಾರಕರಿಗೆ ನಷ್ಟವಾಗುವುದು ಈ ಕಾರಣಕ್ಕೇ. ಚಿಕ್ಕ ತಯಾರಕರ ಪಾಲಿಗಂತೂ ಕೆಗ್ಗುಗಳೇ ಬಂಡವಾಳದ ದೊಡ್ಡ ಭಾಗ. ಕೆಗ್ಗಿನ ಮೇಲಂಚಿನಲ್ಲೋ ಹೊಟ್ಟೆಯ ಮೇಲೋ ಒಡೆಯನ ಹೆಸರನ್ನು ಉಬ್ಬಚ್ಚಾಗಿ ಒತ್ತಿರುತ್ತಾರೆ, ಎಷ್ಟೋ ವೇಳೆ ‘ಇದು ಇಂಥವರ ಸ್ವತ್ತು’ ಎಂಬ ಸಾಲೂ ಜೊತೆಗಿರುತ್ತದೆ. ನಾನು ಮೊದಲ ಸಲ ಕೆಗ್ ಕೊಂಡದ್ದು ಒಬ್ಬ ಗುಜರಿ ವ್ಯಾಪಾರಿಯ ಬಳಿ. ಮನೆಗೆ ತಂದು ಮೇಲಂಚಿನ ಕೊಳೆ ಉಜ್ಜಿದಾಗ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಇನ್ನೂ ನಡೆಯುತ್ತಿದ್ದ ಒಂದು ತಯಾರಿಕಾ ಘಟಕದ ಹೆಸರದು. ವಿಚಾರಿಸಿದಾಗ ಅವರು ಅದನ್ನು ಯಾರಿಗೂ ಮಾರಿರಲಿಲ್ಲ. ಕೆಗ್ ಅವರಿಗೆ ಹೋಯಿತು, ಗುಜರಿಯವನಿಗೆ ಕೊಟ್ಟ ಹಣ ನನ್ನ ಲೆಕ್ಕಕ್ಕೆ ಬಿತ್ತು. ಅಂದಿನ ಸಿಟ್ಟು ಈಗ ಇಲ್ಲ, ಪಾಠವಂತೂ ಉಳಿದಿದೆ.

ನ್ಯಾಯವಾಗಿ ಕೆಗ್ ಪಡೆಯುವುದು ಕಷ್ಟವೇನೂ ಅಲ್ಲ. ಕುತ್ತಿಗೆ ನಜ್ಜಿದ, ವಾಲ್ವ್ ಕೂರುವ ಜಾಗ ಸವೆದ, ಇನ್ನು ಒತ್ತಡ ತಡೆಯಲಾರದೆಂದು ತಯಾರಕರೇ ಬದಿಗಿಟ್ಟ ಕೆಗ್ಗುಗಳು ಹಂಡೆಯ ಕೆಲಸಕ್ಕೆ ಧಾರಾಳವಾಗಿ ಸಾಕು, ಏಕೆಂದರೆ ಕುದಿಸುವ ಹಂಡೆಗೆ ಒತ್ತಡ ತಡೆಯುವ ಪ್ರಶ್ನೆಯೇ ಬರುವುದಿಲ್ಲ. ಅಂಥದನ್ನು ತಯಾರಕರಿಂದಲೇ ಅಥವಾ ಅವರು ಗೊತ್ತುಮಾಡಿದ ಮಾರಾಟಗಾರರಿಂದ ರಸೀದಿ ಸಹಿತ ಕೊಳ್ಳಬೇಕು. ರಸೀದಿಯಲ್ಲಿ ಕೆಗ್ಗಿನ ಮೇಲಿನ ಗುರುತೂ ಬರೆದಿರಲಿ. ಅದು ಸಿಗದಿದ್ದರೆ ಯಾರ ಹೆಸರೂ ಒತ್ತದ ಹೊಸ ಕೆಗ್ ಅಥವಾ ಹಂಡೆಯೆಂದೇ ಮಾಡಿದ ಪಾತ್ರೆ ತರುವುದು ಲೇಸು. ಕಾನೂನಿನ ಬಗ್ಗೆ ಲೇಖನ ಮೌನವಾಗಿರುವುದರಿಂದ ಇದನ್ನೂ ಸೇರಿಸುತ್ತೇನೆ: ಮನೆಯಲ್ಲಿ ಬಿಯರ್ ತಯಾರಿಸುವುದು ಎಲ್ಲ ಕಡೆಯೂ ಮುಕ್ತವಲ್ಲ. ಬ್ರಿಟನ್ನಿನಲ್ಲಿ ಅದಕ್ಕೆ ಬೇಕಾಗಿದ್ದ ಪರವಾನಗಿಯನ್ನು 1963ರಲ್ಲಿ ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಅಂಗೀಕಾರವಾದ ಕಾಯ್ದೆ 1979ರ ಫೆಬ್ರವರಿಯಿಂದ ಜಾರಿಗೆ ಬಂದರೂ, ಅಲ್ಲಿನ ಕೊನೆಯ ಎರಡು ರಾಜ್ಯಗಳು ಒಪ್ಪಿಕೊಂಡದ್ದು 2013ರಲ್ಲಿ. ತಾನಿರುವಲ್ಲಿ ನಿಯಮ ಏನಿದೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ಹಂಡೆಯ ಯೋಚನೆ.

ಇನ್ನು ಒತ್ತಡದ ವಿಷಯ. ಈ ಪತ್ರವನ್ನು ಬರೆಯಲು ಕುಳಿತದ್ದೇ ಇದಕ್ಕಾಗಿ. ಬಿಯರ್ ಮುಗಿದಿದೆ ಎಂದ ಮಾತ್ರಕ್ಕೆ ಕೆಗ್ ಖಾಲಿಯಾಗಿರುವುದಿಲ್ಲ. ಬಿಯರನ್ನು ಹೊರಕ್ಕೆ ತಳ್ಳಿದ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದಿರುತ್ತದೆ. ಕೆಗ್ಗಿನ ಬಾಯಿಯಿಂದ ತಳದವರೆಗೆ ಇಳಿಬಿಟ್ಟ ಉದ್ದನೆಯ ಕೊಳವೆಯೊಂದಿದೆ, ಅದನ್ನು ಸ್ಪಿಯರ್ ಎನ್ನುತ್ತಾರೆ; ಅದರ ತಲೆಯಲ್ಲಿ ವಾಲ್ವ್ ಇರುತ್ತದೆ, ಇಡೀ ಜೋಡಣೆಯನ್ನು ಸಾಮಾನ್ಯ ಅಮೆರಿಕನ್ ಮಾದರಿಯಲ್ಲಿ ಒಂದು ತೆಳುವಾದ ಸುರುಳಿ ರಿಂಗ್ ಹಿಡಿದಿಟ್ಟಿರುತ್ತದೆ. ಸ್ವಲ್ಪ ಲೆಕ್ಕ ಹಾಕಿದರೆ ಅಪಾಯದ ಅಳತೆ ಸಿಗುತ್ತದೆ. ಬಾಯಿ ಸುಮಾರು 5 ಸೆಂಟಿಮೀಟರ್ ಅಗಲವಿದ್ದು, ಒಳಗೆ ಬರೀ 1 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದಷ್ಟೇ ಹೆಚ್ಚುವರಿ ಒತ್ತಡ ಉಳಿದಿದ್ದರೂ, ಸ್ಪಿಯರಿನ ತಲೆಯನ್ನು ಮೇಲಕ್ಕೆ ನೂಕುವ ಬಲ ಹೆಚ್ಚುಕಡಿಮೆ 20 ಕಿಲೋ ತೂಕಕ್ಕೆ ಸಮ. ತಳದಲ್ಲಿ ಉಳಿದ ಬಿಯರ್ ಬಿಸಿಲಿಗೆ ಕಾದಿದ್ದರೆ ಒತ್ತಡ ಇನ್ನೂ ಏರಿರುತ್ತದೆ. ರಿಂಗ್ ಬಿಚ್ಚುವವನು ಸಹಜವಾಗಿಯೇ ಬಾಯಿಯ ಮೇಲೆ ಮುಖ ಬಗ್ಗಿಸಿ ಕುಳಿತಿರುತ್ತಾನೆ. ಆ ಕ್ಷಣದಲ್ಲಿ ರಿಂಗ್ ಸಡಿಲಾದರೆ ಅರ್ಧ ಮೀಟರ್ ಉದ್ದದ ಉಕ್ಕಿನ ಕೊಳವೆ ಈಟಿಯಂತೆ ಚಿಮ್ಮುತ್ತದೆ. ಸ್ಪಿಯರ್ ಎಂಬ ಹೆಸರಿನ ಅರ್ಥವೂ ಅದೇ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ.

ಆದ್ದರಿಂದ ರಿಂಗ್ ಮುಟ್ಟುವ ಮೊದಲು ಅನಿಲವನ್ನು ಪೂರ್ತಿಯಾಗಿ ಬಿಡಬೇಕು. ಬಿಯರ್ ಬಡಿಸುವಲ್ಲಿ ಕೆಗ್ಗಿಗೆ ಸಿಕ್ಕಿಸುವ ಕಪ್ಲರ್ ಸಿಕ್ಕರೆ, ಅದರ ಅನಿಲದ ನಳಿಕೆಯನ್ನೂ ಒಮ್ಮುಖ ವಾಲ್ವನ್ನೂ ತೆಗೆದು, ಕೆಗ್ಗಿನ ಬಾಯಿಗೆ ಕೂರಿಸಿ ಹಿಡಿ ಒತ್ತುವುದು ಎಲ್ಲಕ್ಕಿಂತ ಕ್ಷೇಮ. ಇಲ್ಲವಾದರೆ ಬಾಯಿಯ ಮೇಲೆ ದಪ್ಪ ಬಟ್ಟೆ ಹಾಸಿ, ಮುಖವನ್ನು ದೂರವಿಟ್ಟು, ಮರದ ಕಡ್ಡಿಯಿಂದ ನಡುವಿನ ವಾಲ್ವನ್ನು ಅದುಮಿ ಹಿಡಿಯಬೇಕು. ಮೊದಲು ಹುಳಿ ವಾಸನೆಯ ಹಳೆಯ ಬಿಯರ್ ಚಿಮ್ಮುತ್ತದೆ, ಆಮೇಲೆ ಬುಸ್ಸೆನ್ನುವ ಸದ್ದು ಸಣ್ಣಗಾಗುತ್ತ ಬಂದು ನಿಲ್ಲುತ್ತದೆ. ನಿಂತಿತೆಂದು ನಂಬಬಾರದು. ನನ್ನ ಎರಡನೆಯ ಕೆಗ್ಗಿನಲ್ಲಿ ಸದ್ದು ಅಡಗಿದ ಮೇಲೆ ಹತ್ತು ನಿಮಿಷ ಬಿಟ್ಟು ಮತ್ತೆ ಅದುಮಿದಾಗ, ಚಿಕ್ಕದಾದರೂ ಸ್ಪಷ್ಟವಾದ ಇನ್ನೊಂದು ಬುಸ್ ಕೇಳಿಸಿತು: ತಳದ ಬಿಯರಿನಲ್ಲಿ ಕರಗಿದ್ದ ಅನಿಲ ಅಷ್ಟರಲ್ಲಿ ಹೊರಬಂದಿತ್ತು. ಹಾಗಾಗಿ ಸದ್ದೇ ಬರದವರೆಗೆ ಬಿಟ್ಟು ಬಿಟ್ಟು ಅದುಮಬೇಕು. ಆನಂತರ ತೆಳುವಾದ ಸ್ಕ್ರೂಡ್ರೈವರಿನಿಂದ ರಿಂಗಿನ ತುದಿಯನ್ನು ಎಬ್ಬಿಸಿ ಸುತ್ತು ಬಿಡಿಸಿ, ಸ್ಪಿಯರಿನ ಕಿವಿಗಳು ಕುತ್ತಿಗೆಯ ಕಚ್ಚುಗಳಿಗೆ ನೇರವಾಗುವಂತೆ ತಿರುಗಿಸಿ ಮೇಲೆತ್ತಬಹುದು. ತಿರುಪಿನಿಂದ ಕೂರಿಸಿದ ಸ್ಪಿಯರುಗಳೂ ಇವೆ. ಅವಕ್ಕೆ ಬೇರೆಯೇ ಉಪಕರಣ ಬೇಕು, ಸುತ್ತಿಗೆಯಿಂದ ಹೊಡೆದು ಬಿಚ್ಚುವ ಕೆಲಸ ಅದಲ್ಲ. ಹೇಗೂ ಮೇಲ್ಭಾಗವನ್ನೇ ಕತ್ತರಿಸಿ ತೆಗೆಯುವಾಗ ಸ್ಪಿಯರ್ ಬಿಚ್ಚುವುದೇಕೆಂದು ಕೆಲವರು ಕೇಳುವುದುಂಟು. ಮುಚ್ಚಿದ ಪಾತ್ರೆಗೆ ಲೋಹ ಕೊಯ್ಯುವ ಗ್ರೈಂಡರ್ ಹಿಡಿಯಬಾರದೆಂಬುದೇ ಅದಕ್ಕೆ ಉತ್ತರ.

ಲೋಹದ ಗುರುತು ಹಿಡಿಯುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಹಂಡೆಗೆ ಬೇಕಾದದ್ದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕ್ಕಲ್ ಇರುತ್ತವೆ, ಅಯಸ್ಕಾಂತ ಅದಕ್ಕೆ ಅಂಟಿದರೂ ಸೋತಂತೆ ಅಂಟುತ್ತದೆ. ಅಲ್ಯೂಮಿನಿಯಂ ಕೆಗ್ಗನ್ನು ಎತ್ತಿದರೆ ಹಗುರದಿಂದಲೇ ಗೊತ್ತಾಗುತ್ತದೆ. ಅದನ್ನು ಕಾಸ್ಟಿಕ್ ಸೋಡದಿಂದ ತೊಳೆಯಲು ಹೊರಟರೆ ಲೋಹ ಕರಗಿ ಹೈಡ್ರೋಜನ್ ಏಳುತ್ತದೆ. ಅಂಚಿಗೆ ರಬ್ಬರ್ ಅಥವಾ ಮೈಗೆ ಪ್ಲಾಸ್ಟಿಕ್ ಹೊದಿಸಿದ ಕೆಗ್ಗುಗಳನ್ನು ಬೆಂಕಿಯ ಮೇಲಿಡುವಂತಿಲ್ಲ.

ಗಾತ್ರದ ಬಗ್ಗೆ ಲೇಖಕರು ‘50 ಲೀಟರ್ ಕೆಗ್ಗಿನಲ್ಲಿ 45 ಲೀಟರ್ ಆರಾಮವಾಗಿ ಕುದಿಸಬಹುದು’ ಎಂದಿದ್ದಾರೆ. ಅವರು ಕುದಿಸಿ ನೋಡಿದ್ದಾರೆಯೇ ಎಂಬ ಅನುಮಾನ ನನಗೆ ಇಲ್ಲೇ ಬಂದದ್ದು. ನೀರು 20 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್ಸಿಗೆ ಕಾದಾಗ ಸುಮಾರು 4 ಶೇಕಡ ಹಿಗ್ಗುತ್ತದೆ. ತಣ್ಣಗಿದ್ದ 45 ಲೀಟರ್ ಕುದಿಯುವ ಹೊತ್ತಿಗೆ 47ರ ಹತ್ತಿರ ಬಂದು ನಿಂತಿರುತ್ತದೆ. ಮೇಲಿನ ತಟ್ಟೆಯನ್ನು ಕತ್ತರಿಸಿದ್ದರಿಂದ ಭುಜದ ಭಾಗದ ಜಾಗವೂ ಒಂದಿಷ್ಟು ಹೋಗಿರುತ್ತದೆ. ಮಾಲ್ಟಿನ ಪ್ರೋಟೀನು ನೊರೆಗಟ್ಟಿ ಮೊದಲ ಕುದಿ ಏಳುವ ಆ ಒಂದೆರಡು ನಿಮಿಷದಲ್ಲಿ ಕೈಯಳತೆಯ ತೆರಪೂ ಸಾಲುವುದಿಲ್ಲ. ಹಾಲು ಉಕ್ಕಿದಂತೆಯೇ, ಆದರೆ ಹಾಲಿಗಿಂತ ಹೆಚ್ಚು ಅಂಟು. 38 ಲೀಟರ್ ಬಿಯರ್ ಬೇಕೆನ್ನುವವರು ಅಮೆರಿಕನ್ ಅರ್ಧ ಬ್ಯಾರೆಲ್ ಕೆಗ್, ಅಂದರೆ 15.5 ಗ್ಯಾಲನ್ ಅಥವಾ 58.7 ಲೀಟರಿನದನ್ನು ಹುಡುಕುವುದು ಮೇಲು. 50 ಲೀಟರಿನದರಲ್ಲಿ 40ಕ್ಕಿಂತ ಹೆಚ್ಚು ತುಂಬದಿರುವುದು ನನ್ನ ಪದ್ಧತಿ.

ಕತ್ತರಿಸುವ ಕೆಲಸದಲ್ಲಿ ಲೇಖನದ ಸಲಹೆ ಬಹುಮಟ್ಟಿಗೆ ಒಪ್ಪುವಂಥದು: 115 ಮಿಲಿಮೀಟರ್ ಗ್ರೈಂಡರ್, 1 ಮಿಲಿಮೀಟರ್ ದಪ್ಪದ ಡಿಸ್ಕ್, ಕುತ್ತಿಗೆಯನ್ನೇ ಕೇಂದ್ರವಾಗಿಸಿ ಎಳೆದ ಸುಮಾರು 30 ಸೆಂಟಿಮೀಟರ್ ವ್ಯಾಸದ ವೃತ್ತ. ಅವರು ಹೇಳದೇ ಬಿಟ್ಟ ಒಂದು ಮಾತು, ಡಿಸ್ಕ್ ಹೊಸದಾಗಿರಬೇಕು ಮತ್ತು ಸ್ಟೇನ್‌ಲೆಸ್ ಸ್ಟೀಲಿಗೆಂದೇ ಮಾಡಿದ್ದಾಗಿರಬೇಕು. ಮೊದಲು ಮಾಮೂಲಿ ಕಬ್ಬಿಣ ಕೊಯ್ದ ಡಿಸ್ಕನ್ನು ಬಳಸಿದರೆ ಕಬ್ಬಿಣದ ಕಣಗಳು ಅಂಚಿನಲ್ಲಿ ಹುದುಗಿ, ವಾರದೊಳಗೆ ಕಂದು ಚುಕ್ಕೆಗಳು ಏಳುತ್ತವೆ. ಆಗ ‘ಸ್ಟೀಲ್ ಕಲಬೆರಕೆ’ ಎಂದು ಮಾರಿದವನನ್ನು ಬೈಯುವುದು ನ್ಯಾಯವಲ್ಲ. ಮುಖಕ್ಕೆ ಪೂರ್ತಿ ಗುರಾಣಿ, ಕಿವಿಗೆ ಮುಚ್ಚಳ ಬೇಕೇ ಬೇಕು, ಖಾಲಿ ಕೆಗ್ ಗಂಟೆಯಂತೆ ಮೊಳಗುತ್ತದೆ. ಕೊಯ್ದ ಅಂಚನ್ನು ಬೆರಳು ಸವರಿದರೂ ಗೀರದಷ್ಟು ನಯವಾಗಿ ಉಜ್ಜಬೇಕು, ಮುಂದೆ ಪ್ರತಿ ಸಲ ತೊಳೆಯುವಾಗಲೂ ಮೊಣಕೈವರೆಗೆ ಕೈ ಹೋಗುವುದು ಅದೇ ಬಾಯಿಯೊಳಗೆ. ಉಳಿದ ಭುಜದಂಚಿನಿಂದ ಕುದಿಸಿದ ರಸವನ್ನು ತಣಿಸುವ ಕೊಳವೆಯ ಸುರುಳಿಯನ್ನು ತೂಗುಹಾಕಲು ಅನುಕೂಲವೇನೋ ಹೌದು. ಆದರೆ ತೊಳೆದು ಬೋರಲು ಹಾಕಿದಾಗ ಕೊನೆಯ ಒಂದು ಲೋಟ ನೀರು ಅದೇ ಭುಜದಡಿ ಸಿಕ್ಕಿಕೊಂಡು ಹೊರಬರದೆ ಕಾಡುತ್ತದೆ.

ನಲ್ಲಿ ಕೂರಿಸುವ ಭಾಗದಲ್ಲಿ ಲೇಖನ ಮತ್ತೊಮ್ಮೆ ಜಾರಿದೆ. ‘ಯಾವುದಾದರೂ ಅರ್ಧ ಇಂಚಿನ ಬಾಲ್ ವಾಲ್ವ್ ಸಾಕು’ ಎಂಬ ಸಾಲು ಓದಿ ನಗುವೂ ಬಂತು, ಹಳೆಯ ಸಂಕಟವೂ ನೆನಪಾಯಿತು. ಪೈಪಿನ ಥ್ರೆಡ್ಡುಗಳಲ್ಲಿ, ಅಂದರೆ ತಿರುಪಿನ ಹಲ್ಲುಗಳಲ್ಲಿ, ಎರಡು ಪದ್ಧತಿಗಳು ಹೆಚ್ಚು ಬಳಕೆಯಲ್ಲಿವೆ, ಅಮೆರಿಕನ್ ಎನ್‌ಪಿಟಿ ಮತ್ತು ಬ್ರಿಟಿಷ್ ಬಿಎಸ್‌ಪಿ. ಅರ್ಧ ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ಡುಗಳೇ ಇರುವುದರಿಂದ ಒಂದು ಇನ್ನೊಂದರೊಳಗೆ ಸಲೀಸಾಗಿ ತಿರುಗಿ ಕೂತಂತೆ ಕಾಣುತ್ತದೆ. ಆದರೆ ಥ್ರೆಡ್ಡಿನ ಕೋನ ಒಂದರಲ್ಲಿ 60 ಡಿಗ್ರಿ, ಇನ್ನೊಂದರಲ್ಲಿ 55 ಡಿಗ್ರಿ. ನನ್ನ ಹಂಡೆಯ ನಲ್ಲಿ ತಣ್ಣೀರಿಗೆ ಒಂದು ಹನಿಯನ್ನೂ ಬಿಡುತ್ತಿರಲಿಲ್ಲ. ಕುದಿ ಹತ್ತಿದೊಡನೆ ಅಡಿಯಿಂದ ತೊಟ್ಟಿಕ್ಕಿ, ಬರ್ನರಿನ ಮೇಲೆ ಬಿದ್ದ ಪ್ರತಿ ಹನಿಯೂ ಚುರ್ರೆಂದು ಸಕ್ಕರೆ ಸುಟ್ಟ ವಾಸನೆ ಎಬ್ಬಿಸುತ್ತಿತ್ತು. ನಾನು ಟೆಫ್ಲಾನ್ ಟೇಪನ್ನು ಮೂರು ಸುತ್ತು, ಆರು ಸುತ್ತು, ಹತ್ತು ಸುತ್ತು ಸುತ್ತಿದೆ. ಕೊನೆಗೆ ಒಬ್ಬ ಪೈಪ್ ಫಿಟ್ಟರ್ ಥ್ರೆಡ್ ಗೇಜನ್ನು ಹಲ್ಲುಗಳ ಮೇಲಿಟ್ಟು ಬೆಳಕಿಗೆ ಹಿಡಿದು ತೋರಿಸಿದಾಗ, ಗೇಜಿನ ಸಂದಿಯಲ್ಲಿ ಬೆಳಕಿನ ಎಳೆ ಕಾಣಿಸಿತು. ವಾಲ್ವ್ ಒಂದು ಪದ್ಧತಿಯದು, ಅದನ್ನು ಹಂಡೆಗೆ ಜೋಡಿಸುವ ಗಿಡ್ಡ ಪೈಪು, ನಿಪ್ಪಲ್, ಇನ್ನೊಂದರದು. ಎರಡನ್ನೂ ಒಂದೇ ಪದ್ಧತಿಯಲ್ಲಿ ಕೊಳ್ಳಿರಿ ಎಂಬ ಒಂದು ವಾಕ್ಯ ಲೇಖನದಲ್ಲಿದ್ದಿದ್ದರೆ ಹಲವರ ಟೇಪು ಉಳಿಯುತ್ತಿತ್ತು.

ವೆಲ್ಡಿಂಗ್ ಮಾಡಿಸದೆ ನಲ್ಲಿ ಕೂರಿಸುವುದು ಕಚ್ಚಾ ಕೆಲಸವೆಂಬ ಲೇಖಕರ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಸುಮಾರು 22 ಮಿಲಿಮೀಟರಿನ ರಂಧ್ರ, ಗೋಡೆಯ ಎರಡೂ ಬದಿಯಿಂದ ಬಿಗಿಯುವ ನಟ್ಟುಗಳು, ನಡುವೆ ಸಿಲಿಕೋನ್ ಓ-ರಿಂಗ್ (ಸೋರದಂತೆ ತಡೆಯುವ ಮೆತ್ತನೆಯ ಬಳೆ) ಇಷ್ಟಿದ್ದರೆ ವರ್ಷಗಟ್ಟಲೆ ಸೋರದೆ ನಡೆಯುತ್ತದೆ. ಓ-ರಿಂಗಿಗೆ ನೇರವಾಗಿ ಜ್ವಾಲೆ ತಾಗದಂತೆ ತಗಡಿನ ಮರೆ ಕೊಟ್ಟು, ಆಗಾಗ ಬಿಚ್ಚಿ ತೊಳೆದರೆ ಸರಿ. ಒಳ್ಳೆಯ ವೆಲ್ಡಿಂಗ್ ಇನ್ನೂ ಮೇಲೆಂಬುದು ನಿಜ, ಆದರೆ ‘ಒಳ್ಳೆಯ’ ಎಂಬ ಪದಕ್ಕೆ ಒತ್ತು ಕೊಡಬೇಕು. ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ವಿದ್ಯುತ್ ಬೆಸುಗೆ) ಮಾಡುವಾಗ ಕೆಗ್ಗಿನ ಒಳಬದಿಗೂ ಆರ್ಗಾನ್ ಹಾಯಿಸದಿದ್ದರೆ ಬೆಸುಗೆಯ ಹಿಂಬದಿ ಸುಟ್ಟ ಸಕ್ಕರೆಯಂತೆ ಕಪ್ಪಗೆ ಒರಟಾಗುತ್ತದೆ. ಕೊಳೆ ಕೂರುವುದೂ ತುಕ್ಕು ಹತ್ತುವುದೂ ಅಲ್ಲಿಂದಲೇ. ಅದನ್ನು ಮಾಡಬಲ್ಲ ಕೈ ಸಿಗದಿದ್ದರೆ ಓ-ರಿಂಗೇ ವಾಸಿ. ರಂಧ್ರ ಕೊರೆಯುವಾಗ ಡ್ರಿಲ್ಲಿನ ವೇಗ ಕಡಿಮೆ, ಒತ್ತು ಹೆಚ್ಚು, ನಡುನಡುವೆ ಎಣ್ಣೆಯ ಹನಿ. ವೇಗವಾಗಿ ತಿರುಗಿಸಿ ಸುಮ್ಮನೆ ಉಜ್ಜಿದರೆ ಈ ಉಕ್ಕು ಅಲ್ಲೇ ಇನ್ನಷ್ಟು ಗಡುಸಾಗಿ ಡ್ರಿಲ್ಲಿನ ಮೊನೆಯನ್ನೇ ತಿಂದುಹಾಕುತ್ತದೆ. ಸತು ಲೇಪಿಸಿದ ಫಿಟ್ಟಿಂಗುಗಳನ್ನು ಒಳಗೆ ಎಲ್ಲೂ ಬಳಸಬಾರದು, ಮಾಲ್ಟ್ ರಸ ಆಮ್ಲೀಯವಾದದ್ದು.

ಕೆಗ್ಗಿನ ತಳ ಬಟ್ಟಲಿನಂತೆ ತಗ್ಗಾಗಿರುವುದನ್ನೂ ಗಮನಿಸಬೇಕು. ನಲ್ಲಿಯನ್ನು ನೇರ ಗೋಡೆಯಲ್ಲಿ, ತಳದ ಬಾಗಿನ ಮೇಲೆ ಕೂರಿಸಬೇಕಾದ್ದರಿಂದ, ಅದರ ಕೆಳಗೆ ಲೀಟರುಗಟ್ಟಲೆ ರಸ ಉಳಿದುಬಿಡುತ್ತದೆ. ಒಳಗಿನಿಂದ ಬಾಗಿಸಿದ ಕೊಳವೆಯೊಂದನ್ನು ಜೋಡಿಸಿ ಅದರ ತುದಿಯನ್ನು ತಗ್ಗಿನ ನಡುವಿಗೆ ತಂದರೆ ನಲ್ಲಿ ತಾನಾಗಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ರಸವನ್ನು ಸುಳಿ ತಿರುಗಿಸಿ ಕಹಿಗಾಗಿ ಹಾಕುವ ಹಾಪ್ಸ್ ಹೂವಿನ ಚರಟವನ್ನು ನಡುವಿಗೆ ಕೂಡಿಸುವವರು ಮಾತ್ರ ತುದಿಯನ್ನು ಸ್ವಲ್ಪ ಬದಿಗೆ ಇಟ್ಟುಕೊಳ್ಳಬೇಕು. ನನ್ನ ಮಟ್ಟಿಗೆ ಉಷ್ಣಮಾಪಕ ಅಲಂಕಾರದ ವಸ್ತು, ಕುದಿಯುವುದು ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಅಳತೆಯ ಕೋಲು ಮುಖ್ಯ: ಐದೈದು ಲೀಟರ್ ಅಳೆದು ಸುರಿಯುತ್ತ ಒಂದು ಸ್ಟೀಲ್ ಪಟ್ಟಿಯ ಮೇಲೆ ಗೆರೆ ಕೊರೆದುಕೊಂಡರೆ, ಎಷ್ಟು ಆವಿಯಾಯಿತು, ಎಷ್ಟು ಉಳಿಯಿತು ಎಂಬುದು ಊಹೆಗೆ ಬಿಟ್ಟ ವಿಷಯವಾಗುವುದಿಲ್ಲ.

ಕಾಯಿಸುವ ಬಗ್ಗೆ ಎರಡು ಮಾತು. 45 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಗೆ ತರಲು, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ಸುಮಾರು 4.2 ಯೂನಿಟ್ ಶಕ್ತಿ ಬೇಕು. 3 ಕಿಲೋವ್ಯಾಟ್ ಹೀಟರಿಗೆ ಅದು ಒಂದೂವರೆ ಗಂಟೆಯ ಹತ್ತಿರದ ಕೆಲಸ. ವಿದ್ಯುತ್ತಿನಲ್ಲಿ ಕಾಯಿಸುವವರು ಕೆಗ್ಗಿನ ಮೈಗೆ ಅರ್ಥಿಂಗ್ ಕೊಟ್ಟು, ಸೋರಿಕೆ ಕಂಡೊಡನೆ ಕಡಿದುಬೀಳುವ ಬ್ರೇಕರ್ ಹಾಕಿಸಲೇಬೇಕು. ಗ್ಯಾಸ್ ಬರ್ನರನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಬಾರದು, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಯಾರನ್ನೂ ಎಚ್ಚರಿಸುವುದಿಲ್ಲ. ತುಂಬಿದ ಹಂಡೆ 55 ಕಿಲೋ ಮೀರುತ್ತದೆಂಬುದನ್ನು ನೆನಪಿಟ್ಟು ಒಲೆಯ ಕಾಲುಗಳನ್ನು ಆರಿಸಬೇಕು, ಬಿಸಿಯಿರುವಾಗ ಅದನ್ನು ಎತ್ತುವ ಸಾಹಸವನ್ನಂತೂ ಇಬ್ಬರಿದ್ದರೂ ಮಾಡಬಾರದು. ಮೊದಲ ಸಲ ಬರೀ ನೀರನ್ನು ಒಂದು ತಾಸು ಕುದಿಸಿ, ನಲ್ಲಿಯಡಿ ಒಣ ಕಾಗದ ಹಿಡಿದು ನೋಡಿದ ಮೇಲೆಯೇ ಮಾಲ್ಟಿಗೆ ಕೈಹಾಕುವುದು ಒಳ್ಳೆಯದು.

ಪತ್ರ ಉದ್ದವಾಯಿತು, ಕ್ಷಮೆಯಿರಲಿ. ಜಾಗದ ಅಭಾವದಿಂದ ಇದನ್ನು ಕತ್ತರಿಸಬೇಕಾಗಿ ಬಂದರೆ ಥ್ರೆಡ್ಡು, ವೆಲ್ಡಿಂಗು, ಅಳತೆಕೋಲುಗಳನ್ನು ಧಾರಾಳವಾಗಿ ಬಿಡಬಹುದು. ಆದರೆ ರಿಂಗ್ ಬಿಚ್ಚುವ ಮೊದಲು ಅನಿಲ ಬಿಡಬೇಕೆಂಬ ಮಾತನ್ನು, ಲೇಖನ ಬಂದ ಅದೇ ಪುರವಣಿಯಲ್ಲಿ, ತಿದ್ದುಪಡಿಯೆಂಬ ತಲೆಬರಹದಡಿ ಆದಷ್ಟು ಬೇಗ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ. ಆ ಪುಟವನ್ನು ಕತ್ತರಿಸಿ ತನ್ನ ಶೆಡ್ಡಿನ ಗೋಡೆಗೆ ಅಂಟಿಸಿಕೊಂಡ ಓದುಗ ಒಬ್ಬನಾದರೂ ಇದ್ದಾನು. ಅವನ ಕೆಗ್ ಇನ್ನೂ ಬಿಸಿಲಿನಲ್ಲೇ ನಿಂತಿರಬಹುದು.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ